ಗುಳಿಗೆ ಬಿಟ್ಟ ಮೂರನೆಯ ದಿನ

ವರ್ಷಗಟ್ಟಲೆ ನೋವಿನ ಗುಳಿಗೆ ತಿಂದವರು ಒಂದು ದಿನ ಬೇಸತ್ತು, ಇಲ್ಲವೇ ಮನೆಯವರ ಒತ್ತಾಯಕ್ಕೆ, ಪೂರ್ತಿ ಬಿಟ್ಟುಬಿಡುತ್ತಾರೆ. ಮೊದಲ ದಿನ ಹೇಗೋ ಕಳೆಯುತ್ತದೆ. ಎರಡನೆಯ ದಿನ ಆಕಳಿಕೆ, ಮೂಗಿನಲ್ಲಿ ನೀರು, ಮೈತುಂಬ ಮುಳ್ಳು. ಮೂರನೆಯ ದಿನ ಕಾಲು ಒಂದು ಕಡೆ ನಿಲ್ಲುವುದಿಲ್ಲ, ಹೊಟ್ಟೆ ಕಿವುಚುತ್ತದೆ, ನಿದ್ದೆಯ ಸುಳಿವಿಲ್ಲ, ಸೊಂಟದ ನೋವು ಮೊದಲಿಗಿಂತ ಹೆಚ್ಚು. "ಗುಳಿಗಿ ತಗೊಂಡ್ರ ಎದ್ದು ಓಡ್ಯಾಡ್ತೀನ್ರಿ, ಬಿಟ್ರ ಹಾಸಿಗಿ ಬಿಟ್ಟು ಏಳಾಕ ಆಗಂಗಿಲ್ರಿ" ಎಂಬ ಮಾತು ಸಿಂಧನೂರಿನಿಂದ ಸಂಡೂರಿನವರೆಗೆ ಕೇಳಿಬರುವಂಥದ್ದು. ಆ ಮೂರನೆಯ ದಿನವೇ ಗುಳಿಗೆ ಮತ್ತೆ ಬಾಯಿಗೆ ಹೋಗುತ್ತದೆ, ಗಂಟೆಯೊಪ್ಪತ್ತಿನಲ್ಲಿ ಎಲ್ಲ ಇಳಿಯುತ್ತದೆ. ಇದನ್ನು ಕಂಡ ರೋಗಿ ತನ್ನ ರೋಗ ಒಳಗೊಳಗೇ ಬೆಳೆದಿದೆ ಎಂದುಕೊಳ್ಳುತ್ತಾನೆ. ಮನೆಯವರು ಇವನಿಗೆ ಚಟ ಹತ್ತಿದೆ ಎಂದುಕೊಳ್ಳುತ್ತಾರೆ. ಬಹಳಷ್ಟು ಸಲ ಎರಡೂ ತಪ್ಪು.

ಈ ಭಾಗದಲ್ಲಿ ಮೈಕೈ ನೋವಿಗೆ ಕಾರಣಗಳು ಕಡಿಮೆಯೇನಿಲ್ಲ. ತುಂಗಭದ್ರಾ ಕಾಲುವೆಗೆ ನೀರು ಬಿಟ್ಟ ಮೇಲೆ ಗಂಗಾವತಿ, ಸಿಂಧನೂರು, ಸಿರುಗುಪ್ಪದ ಗದ್ದೆಗಳಲ್ಲಿ ವಾರಗಟ್ಟಲೆ ಬಗ್ಗಿಕೊಂಡೇ ಭತ್ತ ನಾಟಿ ಮಾಡುವ ಹೆಂಗಸರು, ಬಳ್ಳಾರಿಯಲ್ಲಿ ದಿನವಿಡೀ ಮಷಿನ್ನಿಗೆ ಬೆನ್ನು ಬಾಗಿಸಿ ಜೀನ್ಸ್ ಹೊಲಿಯುವವರು, ಸಂಡೂರಿನ ಅದಿರು ಗಣಿ ಮತ್ತು ಹಟ್ಟಿಯ ಚಿನ್ನದ ಗಣಿಯಲ್ಲಿ ದುಡಿದವರು, ಇವರ ಜೊತೆಗೆ ಫ್ಲೋರೈಡ್ ತುಂಬಿದ ಕೊಳವೆಬಾವಿ ನೀರು ಕುಡಿದು ಎಲುಬು ಗಡುಸಾದವರು. ಇವರಿಗೆಲ್ಲ ನೋವು ನಿಜವಾದದ್ದು. ಗುಳಿಗೆ ಬೇಡಿದವರನ್ನು ಅನುಮಾನದ ಕಣ್ಣಿನಿಂದ ನೋಡುವ ಮೊದಲು ಇದನ್ನು ಒಪ್ಪಿಕೊಳ್ಳಬೇಕು.

ಮೊದಲ ಕೆಲಸ, ತಿನ್ನುತ್ತಿರುವುದು ಏನೆಂದು ತಿಳಿಯುವುದು. ಸ್ಟ್ರಿಪ್ಪಿನ ಹಿಂಬದಿ ಬೆಳ್ಳಿ ಹಾಳೆಯ ಮೇಲೆ ಕಂಪನಿಯ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಔಷಧದ ಹೆಸರಿರುತ್ತದೆ. ಪ್ಯಾರಾಸಿಟಮಾಲ್, ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್ ಎಂದಿದ್ದರೆ ಅವುಗಳ ತೊಂದರೆ ಬೇರೆ: ಪ್ಯಾರಾಸಿಟಮಾಲ್ ಮಿತಿ ಮೀರಿದರೆ ಲಿವರ್, ಉಳಿದೆರಡು ದಿನವೂ ತಿಂದರೆ ಜಠರದ ಹುಣ್ಣು ಮತ್ತು ಕಿಡ್ನಿ. ಅವನ್ನು ಬಿಟ್ಟರೆ ಮೈ ನಡುಗುವುದಿಲ್ಲ. ಟ್ರಮಡಾಲ್, ಟ್ಯಾಪೆಂಟಡಾಲ್, ಕೊಡೀನ್, ಮಾರ್ಫಿನ್ ಎಂದಿದ್ದರೆ ಅದು ಅಫೀಮಿನ ಗುಣದ ಔಷಧ, ಅಂದರೆ ಒಪಿಯಾಯ್ಡ್. ಪ್ರಿಗ್ಯಾಬಲಿನ್, ಗ್ಯಾಬಪೆಂಟಿನ್ ನರದ ನೋವಿನವು. ಮೀಥೈಲ್‌ಕೋಬಾಲಮಿನ್ ಎಂಬ ಬಿ12 ವಿಟಮಿನ್ ಜೊತೆ ಸೇರಿ ಬರುವುದರಿಂದ ಬಹಳ ಜನ ಇವನ್ನು 'ನರದ ಶಕ್ತಿಯ ಗುಳಿಗೆ' ಎಂದೇ ತಿಳಿದಿರುತ್ತಾರೆ. ಇವನ್ನೂ ಥಟ್ಟನೆ ಬಿಡುವಂತಿಲ್ಲ. ನಿದ್ದೆಗೆಂದು ಜೊತೆಗೆ ಕೊಟ್ಟ ಆಲ್‌ಪ್ರಜೋಲಾಮ್ ಇದ್ದರೆ ಇನ್ನೂ ಎಚ್ಚರ ಬೇಕು. ಅದನ್ನು ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬರಬಹುದು.

ಸ್ಟ್ರಿಪ್ಪೇ ಇಲ್ಲದೆ ಕಾಗದದ ಪೊಟ್ಟಣದಲ್ಲಿ ಮೂರ್ನಾಲ್ಕು ಬಣ್ಣದ ಬಿಡಿ ಗುಳಿಗೆ ಕಟ್ಟಿಕೊಡುವ ರೂಢಿ ಹಳ್ಳಿಗಳಲ್ಲಿ ಇನ್ನೂ ಇದೆ. ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ಅಪಾಯದ್ದು. ಅದರಲ್ಲಿ ಡೆಕ್ಸಾಮೆಥಸೋನ್, ಪ್ರೆಡ್ನಿಸೊಲೋನ್‌ನಂಥ ಸ್ಟೆರಾಯ್ಡ್ ಸೇರಿರಬಹುದು. ತಿಂದ ಮರುದಿನವೇ ಮೈ ಹಗುರ, ಹಸಿವು ಚೆನ್ನ, ಹಾಗಾಗಿ ಆ ಪೊಟ್ಟಣಕ್ಕೆ ಒಳ್ಳೆಯ ಹೆಸರು. ತಿಂಗಳುಗಳು ಕಳೆದಂತೆ ಮುಖ ದುಂಡಗಾಗುತ್ತದೆ, ಹೊಟ್ಟೆ ಬರುತ್ತದೆ, ತೊಗಲು ತೆಳ್ಳಗಾಗಿ ಸಣ್ಣ ಪೆಟ್ಟಿಗೂ ನೀಲಿಗಟ್ಟುತ್ತದೆ, ಶುಗರ್ ಏರುತ್ತದೆ. ಕೆಲವು ವಾರ ಹೊರಗಿನಿಂದ ಸ್ಟೆರಾಯ್ಡ್ ಬರುತ್ತಿದ್ದರೆ ಕಿಡ್ನಿಯ ಮೇಲಿರುವ ಅಡ್ರಿನಲ್ ಗ್ರಂಥಿ ತನ್ನ ಕೆಲಸ ನಿಲ್ಲಿಸುತ್ತದೆ. ಆಗ ಪೊಟ್ಟಣ ಬಿಟ್ಟರೆ ವಾಂತಿ, ವಿಪರೀತ ಸುಸ್ತು, ಬಿಪಿ ಕುಸಿತ, ಕೆಲವೊಮ್ಮೆ ಪ್ರಾಣಕ್ಕೇ ಅಪಾಯ. ಇಂಥವರನ್ನು ಆಸ್ಪತ್ರೆಗೆ ಕರೆದೊಯ್ದಾಗ 'ತಿಂಗಳುಗಟ್ಟಲೆ ಪೊಟ್ಟಣದ ಗುಳಿಗೆ ತಿನ್ನುತ್ತಿದ್ದರು' ಎಂಬ ಒಂದು ಮಾತನ್ನು ಮೊದಲೇ ಹೇಳಬೇಕು, ಚಿಕಿತ್ಸೆಯ ದಾರಿಯೇ ಬದಲಾಗುತ್ತದೆ.

ಇನ್ನು ಚಟದ ಮಾತು. ಒಪಿಯಾಯ್ಡನ್ನು ದಿನವೂ ಕೆಲವು ವಾರ ತೆಗೆದುಕೊಂಡ ಯಾರ ಮೈಯಾದರೂ ಅದಕ್ಕೆ ಒಗ್ಗಿಕೊಳ್ಳುತ್ತದೆ. ಡಾಕ್ಟರು ಹೇಳಿದಷ್ಟೇ, ಹೇಳಿದ ಹೊತ್ತಿಗೇ ತೆಗೆದುಕೊಂಡ ಅಜ್ಜಿಗೂ ಬಿಟ್ಟರೆ ಸಂಕಟ ಆಗುತ್ತದೆ. ಇದು ದೇಹದ ಅವಲಂಬನೆ. ಚಟ ಬೇರೆ: ನೋವಿಲ್ಲದಾಗಲೂ ಬೇಕೆನಿಸುವುದು, ಹೇಳಿದ್ದಕ್ಕಿಂತ ಹೆಚ್ಚು ನುಂಗುವುದು, ನಾಲ್ಕು ಕಡೆ ಚೀಟಿ ಬರೆಸಿ ಕೂಡಿಡುವುದು, ಕೂಲಿ ದುಡ್ಡೆಲ್ಲ ಅದಕ್ಕೇ ಹೋಗುವುದು, ಸಂಸಾರ ಹಾಳಾಗುತ್ತಿದ್ದರೂ ಬಿಡಲಾಗದಿರುವುದು. ಎರಡೂ ಒಬ್ಬರಲ್ಲೇ ಇರಬಹುದು. ಆದರೆ ಮೊದಲನೆಯದು ಇದ್ದ ಮಾತ್ರಕ್ಕೆ ಎರಡನೆಯದು ಇದೆ ಎನ್ನಲಾಗದು. ಈ ವ್ಯತ್ಯಾಸ ತಿಳಿಯದೆ ಮಗ ಅಪ್ಪನ ಗುಳಿಗೆಯ ಡಬ್ಬಿ ಬಚ್ಚಿಡುತ್ತಾನೆ, ಸೊಸೆ ಅತ್ತೆಯನ್ನು ಓಣಿಯವರೆದುರು ಹಂಗಿಸುತ್ತಾಳೆ. ಅದರ ಪರಿಣಾಮ ಒಂದೇ, ರೋಗಿ ಕದ್ದುಮುಚ್ಚಿ ತರಿಸಿಕೊಳ್ಳಲು ಶುರುಮಾಡುತ್ತಾರೆ. ಎಷ್ಟು ತಿನ್ನುತ್ತಿದ್ದಾರೆ ಎಂಬ ಲೆಕ್ಕ ಅಲ್ಲಿಗೆ ಕೈತಪ್ಪುತ್ತದೆ.

ಬಿಟ್ಟರೆ ಯಾಕೆ ಹಾಗಾಗುತ್ತದೆ? ಮಿದುಳಿನ ಕಾಂಡದಲ್ಲಿ ಎಚ್ಚರ, ಬೆವರು, ಎದೆಬಡಿತಗಳನ್ನು ಏರಿಸುವ ನಾರ್‌ಅಡ್ರಿನಲಿನ್ ಹೊರಡುವ ಒಂದು ಜಾಗವಿದೆ. ಒಪಿಯಾಯ್ಡ್ ಅದನ್ನು ಅದುಮುತ್ತದೆ. ಅದುಮಿದಷ್ಟೂ ಆ ಜಾಗದ ಜೀವಕೋಶಗಳು ಒಳಗಿನಿಂದ ತಮ್ಮ ಜೋರು ಹೆಚ್ಚಿಸಿಕೊಳ್ಳುತ್ತವೆ. ಅದಕ್ಕೇ ಮೊದಲು ಒಂದು ಗುಳಿಗೆಗೆ ಇಳಿಯುತ್ತಿದ್ದ ನೋವಿಗೆ ಆಮೇಲೆ ಎರಡು ಬೇಕಾಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟಿನ ಚೈನು ಕಡಿದು ಗೇಟು ಕೊಚ್ಚಿಹೋದದ್ದು ಇಲ್ಲಿನವರಿಗೆಲ್ಲ ನೆನಪಿದೆ. ಗುಳಿಗೆ ಥಟ್ಟನೆ ನಿಂತಾಗ ಆಗುವುದು ಅದೇ, ಹಿಂದೆ ತುಂಬಿ ನಿಂತದ್ದೆಲ್ಲ ಒಮ್ಮೆಲೇ ನುಗ್ಗುತ್ತದೆ. ಒಪಿಯಾಯ್ಡ್ ಏನೇನು ಮಾಡುತ್ತಿತ್ತೋ ಅದರ ಉಲ್ಟಾ ಕಾಣುತ್ತದೆ: ಮಲಬದ್ಧತೆ ಇದ್ದವರಿಗೆ ಭೇದಿ, ಮಂಪರಿದ್ದವರಿಗೆ ನಿದ್ರಾಹೀನತೆ, ಕಿರಿದಾಗಿದ್ದ ಕಣ್ಣಪಾಪೆ ಅಗಲ, ಅಡಗಿದ್ದ ನೋವು ಹರಿತ.

ಟ್ರಮಡಾಲ್ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು 6 ಗಂಟೆ ಬೇಕು. ಹಾಗಾಗಿ ಕೊನೆಯ ಗುಳಿಗೆಯಾದ 12ರಿಂದ 24 ಗಂಟೆಯೊಳಗೆ ಲಕ್ಷಣಗಳು ಶುರುವಾಗಿ, ಎರಡು-ಮೂರನೆಯ ದಿನ ತುದಿ ಮುಟ್ಟಿ, ವಾರ-ಹತ್ತು ದಿನದಲ್ಲಿ ಬಹುಪಾಲು ಇಳಿಯುತ್ತವೆ. ನಿದ್ದೆ ಮತ್ತು ಮನಸ್ಸು ಸರಿಯಾಗಲು ಇನ್ನಷ್ಟು ವಾರ ಬೇಕಾಗುತ್ತದೆ. ಟ್ರಮಡಾಲ್‌ಗೆ ಇನ್ನೊಂದು ಮುಖವೂ ಇದೆ. ಅದು ಒಪಿಯಾಯ್ಡ್ ಕೆಲಸದ ಜೊತೆಗೆ ಮಿದುಳಿನಲ್ಲಿ ಸೆರೊಟೋನಿನ್, ನಾರ್‌ಅಡ್ರಿನಲಿನ್‌ಗಳನ್ನು ಹೆಚ್ಚಿಸುವ ಕೆಲಸವನ್ನೂ ಮಾಡುತ್ತದೆ. ಆದ್ದರಿಂದ ಬಿಟ್ಟಾಗ ಕೆಲವರಿಗೆ ಭೇದಿ-ಬೆವರಿನ ಜೊತೆಗೆ ವಿಪರೀತ ಗಾಬರಿ, ಕೈಕಾಲಿಗೆ ಕರೆಂಟು ಹೊಡೆದಂಥ ಅನುಭವ, ಗೊಂದಲ, ಇಲ್ಲದ್ದು ಕಾಣಿಸುವುದು ಇವೂ ಆಗುತ್ತವೆ. 'ಗಾಳಿ ಮೆಟ್ಟಿಕೊಂಡಿದೆ' ಎಂದು ತಾಯತ ಕಟ್ಟಿಸುವ ಮುನ್ನ, ಹಿಂದಿನ ನಾಲ್ಕು ದಿನದಲ್ಲಿ ಯಾವ ಗುಳಿಗೆ ನಿಂತಿತು ಎಂದು ಕೇಳಿನೋಡಿ.

ಈ ನೋವು ಗುಳಿಗೆ ಬಿಟ್ಟದ್ದಕ್ಕೆ ಬಂದದ್ದೋ, ಮೂಲ ರೋಗದ್ದೋ ಎಂದು ಗುರುತಿಸಲು ಒಂದೆರಡು ಸುಳುಹುಗಳಿವೆ. ಬಿಟ್ಟದ್ದರ ನೋವು ಮೈತುಂಬ ಹರಡುತ್ತದೆ, ಆಕಳಿಕೆ, ಮೂಗುನೀರು, ಮೈಮುಳ್ಳು ಜೊತೆಗಿರುತ್ತವೆ, ದಿನ ಕಳೆದಂತೆ ಇಳಿಯುತ್ತದೆ. ಮೂಲ ನೋವು ತನ್ನ ಹಳೆಯ ಜಾಗದಲ್ಲೇ, ಹಳೆಯ ರೀತಿಯಲ್ಲೇ ಇರುತ್ತದೆ, ಬಗ್ಗಿದಾಗ ಅಥವಾ ಭಾರ ಎತ್ತಿದಾಗ ಹೆಚ್ಚುತ್ತದೆ. ಇನ್ನೊಂದು ವಿಚಿತ್ರವೂ ಉಂಟು: ಬಹುಕಾಲ ಒಪಿಯಾಯ್ಡ್ ತಿಂದ ಕೆಲವರಲ್ಲಿ ಆ ಔಷಧವೇ ನೋವಿನ ನರಗಳನ್ನು ಸೂಕ್ಷ್ಮ ಮಾಡಿಬಿಡುತ್ತದೆ. ಪ್ರಮಾಣ ಏರಿಸಿದಷ್ಟೂ ನೋವು ಏರುತ್ತದೆ, ಮುಟ್ಟಿದರೂ ನೋಯುತ್ತದೆ. ಇಂಥವರಿಗೆ ನಿಧಾನವಾಗಿ ಇಳಿಸಿದರೆ ನೋವೇ ಕಡಿಮೆಯಾಗಬಹುದು.

ಇಳಿಸುವ ಲೆಕ್ಕಕ್ಕೆ ಬರೋಣ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2022ರಲ್ಲಿ ಹೊರಡಿಸಿದ ಮಾರ್ಗಸೂಚಿ, ವರ್ಷ ಅಥವಾ ಹೆಚ್ಚು ಕಾಲ ಒಪಿಯಾಯ್ಡ್ ತಿಂದವರಿಗೆ ತಿಂಗಳಿಗೆ ಶೇ. 10ರಷ್ಟು, ಇಲ್ಲವೇ ಅದಕ್ಕಿಂತ ನಿಧಾನವಾಗಿ ಇಳಿಸಿದರೆ ಮೈ ತಡೆದುಕೊಳ್ಳುತ್ತದೆ ಎನ್ನುತ್ತದೆ. ಕೆಲವು ವಾರ-ತಿಂಗಳಷ್ಟೇ ತಿಂದವರಿಗೆ ವಾರಕ್ಕೆ ಶೇ. 10 ಆದೀತು. ಕಾಗದದ ಮೇಲೆ ಇದು ಸುಲಭ. ಅಂಗಡಿಯಲ್ಲಿ ಸಿಗುವ ಗುಳಿಗೆಗೆ ಹೊಂದಿಸುವಾಗ ತೊಡಕು ಶುರು.

ಒಬ್ಬರು 50 ಮಿಲಿಗ್ರಾಂ ಟ್ರಮಡಾಲ್ ಕ್ಯಾಪ್ಸೂಲ್ ದಿನಕ್ಕೆ ನಾಲ್ಕು, ಒಟ್ಟು 200 ಮಿ.ಗ್ರಾಂ. ತೆಗೆದುಕೊಳ್ಳುತ್ತಿದ್ದಾರೆ ಎನ್ನಿ. ಒಂದು ಕ್ಯಾಪ್ಸೂಲ್ ಪೂರ್ತಿ ತೆಗೆದರೆ ಒಂದೇ ಏಟಿಗೆ ಶೇ. 25 ಇಳಿಯಿತು, ಬಹಳ ಜನರಿಗೆ ಅದು ಜಾಸ್ತಿ. ಕ್ಯಾಪ್ಸೂಲ್ ಬಿಚ್ಚಿ ಪುಡಿಯನ್ನು ಕಣ್ಣಂದಾಜಿನಲ್ಲಿ ಭಾಗ ಮಾಡುವುದು ಬೇಡವೇ ಬೇಡ. ಅಂಗಡಿಯಲ್ಲಿ ಟ್ರಮಡಾಲ್ 37.5 ಮತ್ತು ಪ್ಯಾರಾಸಿಟಮಾಲ್ 325 ಸೇರಿದ ಗುಳಿಗೆ ಸಿಗುತ್ತದೆ. ಮಧ್ಯಾಹ್ನದ ಒಂದು ಕ್ಯಾಪ್ಸೂಲಿನ ಜಾಗದಲ್ಲಿ ಇದನ್ನು ಇಟ್ಟರೆ ದಿನದ ಮೊತ್ತ 187.5ಕ್ಕೆ ಬರುತ್ತದೆ. ಎರಡರಿಂದ ನಾಲ್ಕು ವಾರ ಅಲ್ಲೇ ನಿಂತು, ಮೈ ಒಪ್ಪಿದ ಮೇಲೆ ಸಂಜೆಯದನ್ನೂ ಬದಲಿಸಿದರೆ 175. ಹೀಗೆ 162.5, ಆಮೇಲೆ 150. ರಾತ್ರಿಯದನ್ನು ಕೊನೆಗೆ ಮುಟ್ಟಿದರೆ ನಿದ್ದೆ ಉಳಿಯುತ್ತದೆ. 150ರಿಂದ ಕೆಳಗೆ ಅರ್ಧ ಗುಳಿಗೆಯ ಹೆಜ್ಜೆ: ನಡುವೆ ಗೀರಿರುವ ಸಾದಾ ಗುಳಿಗೆಯನ್ನು ಮಾತ್ರ, ಫಾರ್ಮಸಿಸ್ಟನ್ನು ಕೇಳಿ, ಅರ್ಧ ಮಾಡಬಹುದು. ಆಗ 131.25, 112.5, 93.75, 75. ಇಲ್ಲಿಂದ ಮುಂದೆ ಅದೇ ಅರ್ಧ ಗುಳಿಗೆ ಉಳಿದದ್ದರ ದೊಡ್ಡ ಪಾಲು. 37.5ರಿಂದ 18.75ಕ್ಕೆ ಇಳಿಯುವುದೆಂದರೆ ಶೇ. 50ರ ಕಡಿತ. 'ಇಷ್ಟು ಬಿಟ್ಟೆ, ಇನ್ನೊಂದು ತಾನೇ' ಎಂದು ಕೊನೆಯದನ್ನು ಕಿತ್ತೆಸೆದವರು ಅಲ್ಲೇ ಎಡವುತ್ತಾರೆ. ಕೊನೆಯ ಹೆಜ್ಜೆಗಳಿಗೇ ಹೆಚ್ಚು ವಾರ ಕೊಡಬೇಕು, ಎರಡು ಗುಳಿಗೆಗಳ ನಡುವಿನ ಅಂತರವನ್ನು ಹಿಗ್ಗಿಸುತ್ತ ಹೋಗಿ, ದಿನಕ್ಕೊಂದೂ ಬೇಡವಾದಾಗ ನಿಲ್ಲಿಸಬೇಕು. ಇದು ಲೆಕ್ಕ ತಿಳಿಯಲು ಕೊಟ್ಟ ಉದಾಹರಣೆ. ವಯಸ್ಸು, ಕಿಡ್ನಿ, ಲಿವರ್, ಬೇರೆ ಔಷಧಗಳನ್ನು ನೋಡಿ ನಿಮ್ಮ ಮೆಟ್ಟಿಲುಗಳನ್ನು ಡಾಕ್ಟರೇ ಬರೆಯಬೇಕು. ಗರ್ಭಿಣಿಯರಂತೂ ತಾವಾಗಿ ಒಂದು ಗುಳಿಗೆಯನ್ನೂ ಕಡಿಮೆ ಮಾಡಕೂಡದು.

ಇದರಲ್ಲಿ ಕೆಡುವ ಜಾಗಗಳು ಗೊತ್ತಿರುವಂಥವೇ. ಎಸ್‌ಆರ್ ಎಂದು ಬರೆದ 100 ಮಿ.ಗ್ರಾಂ. ಗುಳಿಗೆ ನಿಧಾನವಾಗಿ ಕರಗುವಂಥದ್ದು. ಅದನ್ನು ಮುರಿದರೆ, ಜಗಿದರೆ 12 ಗಂಟೆಗೆ ಹರಡಬೇಕಾದ ಔಷಧ ಒಮ್ಮೆಲೇ ರಕ್ತಕ್ಕಿಳಿಯುತ್ತದೆ. ಜೋಡಿ ಗುಳಿಗೆಗೆ ಬದಲಾದವರು ಪ್ಯಾರಾಸಿಟಮಾಲ್ ಲೆಕ್ಕ ಮರೆಯುತ್ತಾರೆ: ದಿನಕ್ಕೆ ನಾಲ್ಕು ಗುಳಿಗೆಯಲ್ಲಿ 1,300 ಮಿ.ಗ್ರಾಂ. ಆಗಲೇ ಇದೆ. ಮೇಲೆ ಮೂರು ಡೋಲೋ 650 ನುಂಗಿದರೆ 3,250. ಬಹುಕಾಲ ತಿನ್ನುವವರು 3 ಗ್ರಾಂ ದಾಟದಿರುವುದು ಒಳ್ಳೆಯದು, ದಿನವೂ ಕುಡಿಯುವವರು 2 ಗ್ರಾಂ. ಪ್ರಿಗ್ಯಾಬಲಿನ್ ಮತ್ತು ಟ್ರಮಡಾಲ್ ಎರಡನ್ನೂ ಒಟ್ಟಿಗೆ ಇಳಿಸಲು ಹೋದರೆ ಯಾವುದರಿಂದ ಯಾವ ತೊಂದರೆ ಎಂದು ಡಾಕ್ಟರಿಗೂ ತಿಳಿಯದು. ಒಂದು ಮುಗಿದ ಮೇಲೆ ಇನ್ನೊಂದು. ನೋವು ಮತ್ತು ಬೇಸರ ಎರಡಕ್ಕೂ ಆಗುತ್ತದೆಂದು ಕೊಡುವ ಡುಲಾಕ್ಸೆಟಿನ್‌ನಂಥ ಔಷಧ ಟ್ರಮಡಾಲ್ ಜೊತೆ ಸೇರಿದರೆ ಸೆರೊಟೋನಿನ್ ಮಿತಿಮೀರಿ ಜ್ವರ, ನಡುಕ, ಮೈ ಸೆಟೆತ ಬರಬಹುದು, ಫಿಟ್ಸಿನ ಅಪಾಯವೂ ಹೆಚ್ಚುತ್ತದೆ. ಬೇರೆ ಡಾಕ್ಟರ ಹತ್ತಿರ ಹೋದಾಗ ಹಳೆಯ ಚೀಟಿ ತೋರಿಸದಿದ್ದರೆ ಇದು ಆಗಿಬಿಡುತ್ತದೆ.

ಶುರುಮಾಡುವ ಕಾಲವನ್ನೂ ನೋಡಿಕೊಳ್ಳಬೇಕು. ನಾಟಿಯ ಸುಗ್ಗಿಯಲ್ಲಿ, ಜುಲೈ-ಆಗಸ್ಟಿನಲ್ಲಿ, ಗದ್ದೆಗಿಳಿಯುವ ಹೆಂಗಸಿಗೆ ಗುಳಿಗೆ ಇಳಿಸು ಎಂದರೆ ಅದು ನಡೆಯದ ಮಾತು, ಆ ವಾರಗಳ ಕೂಲಿ ಮನೆಯ ವರ್ಷದ ಆಧಾರ. ಆ ಹೊತ್ತಿನಲ್ಲಿ ಇದ್ದ ಪ್ರಮಾಣದಲ್ಲೇ ನಿಲ್ಲಿಸಿ, ಕೆಲಸ ಮುಗಿದ ಮೇಲೆ ಮುಂದಿನ ಮೆಟ್ಟಿಲು. ಹಾಗೆ ನಿಂತರೆ ಸೋತಂತೆ ಅಲ್ಲ, ಮಾರ್ಗಸೂಚಿಗಳೂ ನಡುನಡುವೆ ನಿಲ್ಲಲು ಹೇಳುತ್ತವೆ. ಆದರೆ ನಿಂತಲ್ಲಿಂದ ಮತ್ತೆ ಮೇಲೆ ಹೋಗದಿರುವುದು ಮುಖ್ಯ. 40 ಡಿಗ್ರಿ ದಾಟುವ ರಾಯಚೂರಿನ ಬೇಸಿಗೆಯಲ್ಲಿ ಬೆವರು-ಭೇದಿ ಎರಡೂ ಸೇರಿದರೆ ನೀರಿನಂಶ ಬೇಗ ಬತ್ತುತ್ತದೆ. ಒಂದು ಲೀಟರಿನ ಓಆರ್‌ಎಸ್ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೇ ಹಾಕಬೇಕು. ಅದು ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡಕ್ಕೂ ಟೀ ಚಮಚವೇ ಅಳತೆ. ಬಿಟ್ಟ ಸಂಕಟ ತಗ್ಗಿಸಲು ಕ್ಲೋನಿಡಿನ್ ಎಂಬ ಔಷಧ ಕೊಡುವುದುಂಟು. ಅದು ಬಿಪಿಯನ್ನು ಇಳಿಸುತ್ತದೆ, ಹಾಗಾಗಿ ಬಿಪಿ ನೋಡದೆ ತೆಗೆದುಕೊಳ್ಳುವಂಥದ್ದಲ್ಲ.

ಎಷ್ಟೋ ಸಲ ರೋಗಿ ತಾನಾಗಿ ಬಿಟ್ಟಿರುವುದಿಲ್ಲ, ಗುಳಿಗೆ ಸಿಕ್ಕಿರುವುದಿಲ್ಲ. 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಟ್ರಮಡಾಲ್ ಅನ್ನು ಎನ್‌ಡಿಪಿಎಸ್, ಅಂದರೆ ಮಾದಕ ವಸ್ತುಗಳ ನಿಯಂತ್ರಣ ಕಾಯ್ದೆಯ ಕೆಳಗೆ ತಂದಿತು. ಅದಕ್ಕೂ ಮೊದಲೇ ಅದು ಶೆಡ್ಯೂಲ್ ಎಚ್1 ಪಟ್ಟಿಯಲ್ಲಿತ್ತು, ಅಂದರೆ ಮೆಡಿಕಲ್ ಶಾಪಿನವರು ರೋಗಿಯ ಹೆಸರು, ಚೀಟಿ ಬರೆದ ಡಾಕ್ಟರ ಹೆಸರು, ಕೊಟ್ಟ ಗುಳಿಗೆಯ ಲೆಕ್ಕವನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಈ ಕಟ್ಟುಪಾಡು ಬೇಕಾದದ್ದೇ. ಆದರೆ ತಾಪತ್ರಯ ಬೇಡವೆಂದು ಸಣ್ಣ ಊರಿನ ಅಂಗಡಿಯವರು ದಾಸ್ತಾನೇ ಇಡದಿದ್ದರೆ, ದೇವದುರ್ಗದ ಕಡೆಯ ಹಳ್ಳಿಯವರು ಬಸ್ಸು ಹತ್ತಿ ರಾಯಚೂರಿಗೇ ಬರಬೇಕು. ಬಸ್ಸು ತಪ್ಪಿದ ದಿನ, ಕೂಲಿ ಬಿಡಲಾಗದ ದಿನ, ಮೈ ಕೈಕೊಡುತ್ತದೆ. ಹಾಗಾಗಿ ಚೀಟಿಯಲ್ಲಿ ಔಷಧದ ಹೆಸರು, ಮಿಲಿಗ್ರಾಂ, ದಿನಕ್ಕೆಷ್ಟು, ಎಷ್ಟು ದಿನಕ್ಕೆ ಎಂಬುದೆಲ್ಲ ಸ್ಪಷ್ಟವಾಗಿರಲಿ. ಐದಾರು ದಿನದ ಗುಳಿಗೆ ಉಳಿದಿರುವಾಗಲೇ ಮುಂದಿನ ಚೀಟಿಗೆ ಹೋಗಿ. ಚೀಟಿಯಿಲ್ಲದೆ ಕೊಡುವ ಅಂಗಡಿಯನ್ನು ಹುಡುಕಿಕೊಂಡರೆ ಮೊದಲು ಲೆಕ್ಕ ತಪ್ಪುತ್ತದೆ, ಆಮೇಲೆ ಕಾನೂನಿನ ತೊಡಕೂ ಬರುತ್ತದೆ.

ಗುಳಿಗೆ ಇಳಿಯುತ್ತಿರುವಾಗ ನೋವಿಗೆ ಬೇರೆ ಆಸರೆ ಕೊಡದಿದ್ದರೆ ಈ ಕೆಲಸ ನಿಲ್ಲುವುದಿಲ್ಲ. ಸೊಂಟನೋವಿಗೆ ಫಿಸಿಯೋಥೆರಪಿಯವರು ಕಲಿಸುವ ವ್ಯಾಯಾಮ ಶುರುವಿನಲ್ಲಿ ನೋವು ಹೆಚ್ಚಿಸಿದಂತೆ ಕಂಡರೂ ಬಿಡದೆ ಮಾಡಬೇಕು. ಫ್ಲೋರೈಡಿನ ನೋವಾದರೆ, ಕುತ್ತಿಗೆ ತಿರುಗದೆ, ಕುಕ್ಕರಗಾಲಲ್ಲಿ ಕೂರಲಾಗದೆ ಇದ್ದರೆ, ಕುಡಿಯುವ ನೀರನ್ನು ಪರೀಕ್ಷೆ ಮಾಡಿಸುವುದೇ ಚಿಕಿತ್ಸೆಯ ಭಾಗ. ಲೀಟರಿಗೆ 1 ಮಿ.ಗ್ರಾಂ. ಒಳಗಿದ್ದರೆ ಸರಿ, ಬೇರೆ ನೀರಿಲ್ಲದಿದ್ದರೆ ಹೆಚ್ಚೆಂದರೆ 1.5. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ದಟ್ಟವಾಗುತ್ತದೆ. ಊರಿನ ಶುದ್ಧ ನೀರಿನ ಘಟಕ ಕೆಟ್ಟು ಜನ ಮತ್ತೆ ಕೊಳವೆಬಾವಿಗೆ ಮರಳಿದ್ದಾರೆಂದರೆ, ಅಲ್ಲಿ ಗುಳಿಗೆ ಇಳಿಸುವ ಮಾತಿಗಿಂತ ಮೊದಲು ಪಂಚಾಯಿತಿಗೆ ಹೋಗಿ ಘಟಕ ರಿಪೇರಿ ಮಾಡಿಸಿ ಎಂದು ಕೂರಬೇಕು. ಕ್ಯಾನ್ಸರಿನ ನೋವಿನ ಮಾತೇ ಬೇರೆ. ಅಲ್ಲಿ ಮಾರ್ಫಿನ್ ಬೇಕಾದಷ್ಟು ಕೊಡಬೇಕು. ಚಟದ ಹೆದರಿಕೆಗೆ ಅವರನ್ನು ನರಳಲು ಬಿಡುವುದು ಅನ್ಯಾಯ.

ಜೀವಕ್ಕೆ ಹತ್ತಿರದ ಅಪಾಯ ಇರುವುದು ಬಿಟ್ಟ ಮೇಲಿನ ದಿನಗಳಲ್ಲಿ. ಎರಡು ತಿಂಗಳು ಬಿಟ್ಟಿದ್ದು ಒಂದು ದಿನ ನೋವು ತಾಳದೆ ಹಳೆಯ ಪ್ರಮಾಣವನ್ನೇ ನುಂಗಿದರೆ, ಆ ಹೊತ್ತಿಗೆ ಮೈ ಒಗ್ಗಿದ್ದನ್ನೆಲ್ಲ ಕಳೆದುಕೊಂಡಿರುತ್ತದೆ. ಜೊತೆಗೆ ಸಾರಾಯಿ, ಆಲ್‌ಪ್ರಜೋಲಾಮ್, ಪ್ರಿಗ್ಯಾಬಲಿನ್ ಸೇರಿದರೆ ಉಸಿರಾಟವೇ ನಿಧಾನವಾಗುತ್ತದೆ. ಎಬ್ಬಿಸಿದರೂ ಏಳದ ನಿದ್ದೆ, ಗೊರಗೊರ ಗೊರಕೆ, ಸೂಜಿಮೊನೆಯಷ್ಟು ಕಣ್ಣಪಾಪೆ, ನೀಲಿಯಾದ ತುಟಿ ಕಂಡರೆ 'ಮಲಗಲಿ ಬಿಡು' ಎನ್ನದೆ 108ಕ್ಕೆ ಫೋನು ಮಾಡಿ, ಪಕ್ಕಕ್ಕೆ ಹೊರಳಿಸಿ ಮಲಗಿಸಿ, ತಿಂದ ಸ್ಟ್ರಿಪ್ಪನ್ನು ಜೊತೆಗೆ ಕಳಿಸಿ. ಇದಕ್ಕೆ ನಲಾಕ್ಸೋನ್ ಎಂಬ ಮದ್ದು ಆಸ್ಪತ್ರೆಯಲ್ಲಿದೆ. ಉಳಿದ ಗುಳಿಗೆಗಳನ್ನು ಮಕ್ಕಳ ಕೈಗೆ ಸಿಗುವ ಗೂಡಿನಲ್ಲಿ ಇಡಬೇಡಿ, ಪಕ್ಕದ ಮನೆಯವರ ಸೊಂಟನೋವಿಗೂ ಕೊಡಬೇಡಿ.

ಹೋಗಬೇಕಾದ ಜಾಗಗಳು ದೂರವಿಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ, ಅಲ್ಲಿ ಮನೋವೈದ್ಯ ವಿಭಾಗವಿದೆ. ಮನೋವೈದ್ಯರ ಹತ್ತಿರ ಹೋದರೆ ಹುಚ್ಚು ಎನ್ನುತ್ತಾರೆಂಬ ಅಂಜಿಕೆಯಿಂದ ಬಹಳ ಜನ ಹಿಂಜರಿಯುತ್ತಾರೆ, ಆದರೆ ಔಷಧದ ಅವಲಂಬನೆ ಬಿಡಿಸುವುದರಲ್ಲಿ ಪಳಗಿದವರು ಅವರೇ. ಚಟದ ಲಕ್ಷಣ ಇದ್ದವರಿಗೆ ಹಂಬಲ ಮತ್ತು ಬಿಟ್ಟ ಸಂಕಟ ತಗ್ಗಿಸುವ ಬ್ಯುಪ್ರೆನಾರ್ಫಿನ್ ಎಂಬ ಔಷಧದ ಚಿಕಿತ್ಸೆಯನ್ನು ಅವರು ಯೋಚಿಸುತ್ತಾರೆ. ಫೋನಿನಲ್ಲೇ ಮಾತಾಡಬೇಕೆಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮೊದಲ ಸಲ ಹೋಗುವಾಗ ಮನೆಯಲ್ಲಿರುವ ಎಲ್ಲ ಸ್ಟ್ರಿಪ್ಪು, ಪೊಟ್ಟಣ, ಹಳೆಯ ಚೀಟಿಗಳನ್ನು ಒಂದು ಚೀಲಕ್ಕೆ ಹಾಕಿಕೊಳ್ಳಿ. ಕುಡಿತ ಇದ್ದರೆ ಮುಚ್ಚಿಡಬೇಡಿ. ಹಿಂದೆ ಯಾವಾಗಲಾದರೂ ಬಿಟ್ಟಿದ್ದರೆ ಎಷ್ಟನೆಯ ದಿನ ಏನಾಯಿತೆಂದು ಹೇಳಿ. ಹಿಂತಿರುಗುವ ಮುನ್ನ ಮೂರು ಸಂಗತಿ ಚೀಟಿಯ ಮೇಲೆಯೇ ಬರೆಸಿಕೊಳ್ಳಿ: ಈ ತಿಂಗಳು ಯಾವ ಹೊತ್ತಿಗೆ ಎಷ್ಟು ಮಿಲಿಗ್ರಾಂ, ಮೈ ತಡೆಯದಿದ್ದರೆ ಎಲ್ಲಿ ನಿಲ್ಲಬೇಕು, ಮತ್ತು ಯಾವ ಲಕ್ಷಣ ಕಂಡರೆ ಮುಂದಿನ ತಾರೀಖಿಗೆ ಕಾಯದೆ ಬಂದುಬಿಡಬೇಕು.